ಎದೆಗನ್ನಡಿ

ವಿರುಪಾಕ್ಷಪ್ಪ ಮಗ್ಗದ ಮೇಲೆ ಬಾಗಿದ. ಗೋಡೆಯ ಪರದೆಯಲ್ಲಿ ಅವನ ಎದೆಯ ಒಳಭಾಗ ಕಾಣುತ್ತಿತ್ತು. ಹೃದಯ ತನ್ನ ಪಾಡಿಗೆ ಬಡಿಯುತ್ತಿತ್ತು. ಅದರ ಹಿಂದೆ, ಅನ್ನನಾಳದೊಳಗೆ, ಕೆಂಪು ಗೆರೆಯೊಂದು ಹೊಟ್ಟೆಯಿಂದ ಗಂಟಲಿನ ಕಡೆ ಏರಿತು. ಅವನು ನೆಟ್ಟಗಾದ. ಗೆರೆ ಇಳಿಯಿತು.

"ಇನ್ನೊಮ್ಮೆ ಬಾಗ್ರಿ ಕಾಕಾ," ಎಂದಳು ಡಾಕ್ಟರ್ ಶಾಹೀನ್ ಬಾಗವಾನ.

ಎದೆಗನ್ನಡಿ ಅವಳು ಕಂಡುಹಿಡಿದದ್ದು. ನೋಡಲು ತೋಳಿಲ್ಲದ ಅಂಗಿ, ಅಷ್ಟೇ. ಅದರ ಎಳೆಗಳು ಕಿವಿಗೆ ಕೇಳದ ಶಬ್ದವನ್ನು ಎದೆಯೊಳಗೆ ಕಳಿಸಿ, ಮರುದನಿಯಿಂದ ಚಿತ್ರ ಕಟ್ಟುತ್ತವೆ. ಮೊದಲೇ ನುಂಗಿಸಿದ ಚಿಟಿಕೆ ಪುಡಿ, ಹೊಟ್ಟೆಯ ಆಮ್ಲ ತಾಗಿದಲ್ಲೆಲ್ಲ ಕೆಂಪಾಗಿ ಮಿನುಗುತ್ತದೆ. ಮಲಗಿಸಿ ತೆಗೆದ ಚಿತ್ರ ಅರ್ಧ ಸುಳ್ಳು, ಮನುಷ್ಯ ದುಡಿಯುವಾಗಲೇ ಅವನ ಎದೆ ನೋಡಬೇಕು ಎಂಬುದು ಅವಳ ಹಟ. ಅದಕ್ಕೇ ಅಂಗಿ ಹಿಡಿದು ಇಳಕಲ್ಲಿನ ಈ ನೇಕಾರನ ಮನೆಗೆ ಬಂದಿದ್ದಳು.

"ಹಂಗಾರ ಇದು ಹಾರ್ಟ್ ಅಲ್ಲ?"

"ನಿಮ್ಮ ಹಾರ್ಟ್ ನನ್ನದಕ್ಕಿಂತ ಗಟ್ಟಿ ಅದ. ಮಗ್ಗದ ದಿಂಡು ಹೊಟ್ಟಿಗೆ ಒತ್ತಿದಾಗೊಮ್ಮೆ ಒಳಗಿನ ಹುಳಿ ಮ್ಯಾಲೆ ಬರ್ತದ. ಅದೇ ಉರಿ."

ಹೆಂಡತಿ ಗುರವ್ವ ಒಲೆಯ ಮುಂದಿನಿಂದ ತಿರುಗಿದಳು. "ಇಪ್ಪತ್ತೊಂದು ವರ್ಷ ಹಾರ್ಟು, ಹಾರ್ಟು ಅಂತ ನೀರಿನ ಕೊಡ ಎಲ್ಲಾ ನನ್ನ ಕೈಲೇ ಹೊರಿಸಿದ್ರಲ್ಲ."

2026ರಲ್ಲಿ ಎದೆಯುರಿ ಎಂದು ಹೋದವನಿಗೆ ಡಾಕ್ಟರರು ಎರಡು ನಿಮಿಷ ಕೊಟ್ಟಿದ್ದರು. ದರ್ಜಿ ಅಂಗಿಯ ಅಳತೆಗೂ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ಹೃದಯದ ಗುಳಿಗೆ ಬರೆದು, "ತಿರುಗಾಡಬೇಡ, ಕೂತು ಮಾಡುವ ಕೆಲಸ ಮಾಡು" ಎಂದರು. ಆಗ ಅವನು ನೇಯುತ್ತಿದ್ದುದು ದಿನಕ್ಕೆ ನಾಲ್ಕು ತಾಸು. ಉಳಿದ ಹೊತ್ತು ಸೀರೆ ಗಂಟು ಹೊತ್ತು ಊರೂರು ನಡೆಯುತ್ತಿದ್ದ. ಮಾತು ಕೇಳುವ ಮನುಷ್ಯ. ನಡೆಯುವುದನ್ನು ಬಿಟ್ಟು, ರೊಟ್ಟಿ ತಿಂದ ಕೂಡಲೇ ಮಗ್ಗದ ಕುಣಿಗೆ ಇಳಿದು ಹನ್ನೆರಡು ತಾಸು ಬಾಗತೊಡಗಿದ. ಉರಿ ಹೆಚ್ಚಾಯಿತು. ಹೃದಯ ಕೆಟ್ಟಿತೆಂದು ಹೆದರಿ, ಇನ್ನಷ್ಟು ಕೂತ.

ಈಗ ಆರು ತಿಂಗಳಿಂದ ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ. ಇವತ್ತು ಡಾಕ್ಟರಮ್ಮ ಬಂದು ಅವನಿಗೆ ತಿನ್ನಲು ಹೇಳಿಯಾಳೆಂದು ಗುರವ್ವ ಒಂದು ಜೋಳದ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ಶಾಹೀನ್ ಪರದೆಯ ಚಿತ್ರ ಹಿಗ್ಗಿಸಿದಳು. ಅನ್ನನಾಳದ ಕೆಳತುದಿ ಸುಟ್ಟು ಸುಟ್ಟು ಗಟ್ಟಿಯಾಗಿ, ದಾರ ಹೋಗುವಷ್ಟು ಸಂದಿ ಉಳಿದಿತ್ತು.

"ಹೇಳಬೇ. ರೊಟ್ಟಿ ತಿನ್ಲೇನು?"

"ಅಗಲ ಮಾಡಬಹುದು, ಕಾಕಾ. ಆದ್ರ ಇಷ್ಟು ಬಿಗಿದದ್ದು ಮತ್ತ ಮುಚ್ಚತದ." ಅವಳು ಅವನ ಮೈಮೇಲಿನ ಎದೆಗನ್ನಡಿಯ ಗುಂಡಿ ಬಿಚ್ಚತೊಡಗಿದಳು. "ರೊಟ್ಟಿ ಆಗೂದಿಲ್ಲ."

ಗುರವ್ವ ಒಲೆಯ ಕಡೆ ಮುಖ ತಿರುಗಿಸಿದಳು.

"ಈ ಅಂಗಿ ಆವಾಗ ಇದ್ದಿದ್ರ?" ಎಂದ ವಿರುಪಾಕ್ಷಪ್ಪ.

ಹೌದು ಎನ್ನಬಹುದಿತ್ತು. ಹದಿನಾಲ್ಕು ವರ್ಷ ಅದಕ್ಕಾಗಿಯೇ ದುಡಿದಿದ್ದಳು. ಕೈಯಲ್ಲಿದ್ದ ಅಂಗಿಯನ್ನು ಮಡಚುತ್ತ ಹೇಳಿದಳು, "ಅಂಗಿ ಬೇಕಾಗಿರಲಿಲ್ಲ. ಯಾವಾಗ ಉರೀತದ ಅಂತ ಒಬ್ಬರು ಕೇಳಿದ್ರ ಸಾಕಿತ್ತು."

ಅವನು ಮಗ್ಗದ ದಿಂಡಿನ ಮೇಲೆ ಕೈ ಆಡಿಸಿದ.

"ಕೇಳಿದ್ರ ಹೇಳ್ತಿದ್ನೆವ್ವಾ," ಎಂದ. "ಬಾಗಿದಾಗ ಅಂತ."