ಸೊನ್ನೆ ಒಲವಿನ ಭಾಷೆ

೨೦೬೧ರ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಲವುಮಾಪಕ ಎಂದಿನಂತೆ ಪಟ್ಟಿ ಹೊರಡಿಸಿತು. ಕಂಪ್ಯೂಟರಿಗೆ ಕೆಲಸ ಹೇಳುವ ಪ್ರೋಗ್ರಾಮಿಂಗ್ ಭಾಷೆಗಳು ಮುನ್ನೂರು. ಯಾವುದರ ಬಗ್ಗೆ ಜನ ಅಂತರ್ಜಾಲದಲ್ಲಿ ಎಷ್ಟು ಪ್ರಶ್ನೆ ಕೇಳಿದರೆಂದು ಈ ಯಂತ್ರ ಎಣಿಸುತ್ತಿತ್ತು. ಪ್ರಶ್ನೆ ಹೆಚ್ಚಿದಷ್ಟೂ ಒಲವು ಹೆಚ್ಚು. ಮೊದಲ ಸ್ಥಾನ ಮತ್ತೆ ‘ಝುಂ’ಗೆ. ಆರು ತಿಂಗಳ ಕೂಸು. ಅದರಲ್ಲಿ ಬರೆದದ್ದು ಮೂರು ದಿನ ನಡೆದರೆ ಹೆಚ್ಚು. ನೂರು ವರ್ಷ ದಾಟಿದ ಕೋಬಾಲ್‌ಗೆ ಸೊನ್ನೆ. ಸೊನ್ನೆ ಬಂದ ಭಾಷೆಯ ಪ್ರೋಗ್ರಾಂಗಳನ್ನೆಲ್ಲ ಶುಕ್ರವಾರದೊಳಗೆ ಝುಂಗೆ ಬದಲಿಸಬೇಕೆಂದು ಭಾಷಾ ಮಂಡಳಿಯ ಆದೇಶ.

ಹುಬ್ಬಳ್ಳಿಯ ಒಂದು ರಕ್ತನಿಧಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶಾಂಭವಿ ಹಾದಿಮನಿ ಅದನ್ನು ಎರಡು ಸಲ ಓದಿದಳು. ಅಪರೂಪದ ರಕ್ತ ಯಾರ ಮೈಯಲ್ಲಿದೆ, ಯಾವ ಆಸ್ಪತ್ರೆಗೆ ಬೇಕು ಎಂದು ಹೊಂದಿಸುವ ಅವಳ ಕೋಬಾಲ್ ಪ್ರೋಗ್ರಾಂ ನಲವತ್ತು ವರ್ಷದಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಮಾಪಕವನ್ನು ಕಂಡುಹಿಡಿದ ಡಾ. ಪ್ರಮಥ ಹೊಳ್ಳರಿಗೆ ಫೋನು ಮಾಡಿದಳು.

“ಸರ, ಕೆಡದೇ ಇದ್ದದ್ದರ ಬಗ್ಗೆ ಯಾರ್ ಏನ್ ಕೇಳ್ತಾರ್ರಿ?”

“ಕೇಳುವುದಿಲ್ಲ ಅಂದರೆ ಬೇಡ ಅಂತಲೇ ಅಲ್ಲವೇನಮ್ಮಾ?”

“ಮನ್ಯಾಗ ನಳ ಸೋರಿದ್ರ ಹತ್ ಮಂದೀನ ಕೇಳ್ತೀರಿ. ಹಂಗಂತ ನಳಕ್ಕ ಹಾರ ಹಾಕ್ತೀರೇನ್ರಿ?”

ಹೊಳ್ಳರು ನಕ್ಕರು. “ಹೋಲಿಕೆ ಚೆನ್ನಾಗಿದೆ. ಹೋಲಿಕೆಗೆ ಅಂಕವಿಲ್ಲ.”

ತುರ್ತು ಬಂದಾಗ ಒಬ್ಬ ದಾನಿ ಹತ್ತು ದಾನಿಗಳಿಗೆ ಫೋನು ಮಾಡುವುದು ರಕ್ತನಿಧಿಯ ರೂಢಿ. ಶಾಂಭವಿ ಅದನ್ನೇ ಹಿಡಿದಳು. ಹಳೆಯ ದಾನಿ ಗುರುಸಿದ್ದಪ್ಪನಿಗೆ, “ಈ ಸಲ ರಕ್ತ ಬ್ಯಾಡ್ರಿ ಕಾಕಾ, ಕೋಬಾಲ್ ಬಗ್ಗೆ ಒಂದು ದಡ್ಡ ಪ್ರಶ್ನೆ ಕೇಳ್ರಿ ಸಾಕು” ಎಂದಳು.

“ಎಷ್ಟ್ ದಡ್ಡ ಇರಬೇಕವಾ?”

“ನೀವ್ ಯೋಚನೆ ಮಾಡಬ್ಯಾಡ್ರಿ, ತಾನ ಬರ್ತೈತಿ.”

ಗುರುವಾರದ ಹೊತ್ತಿಗೆ ಒಂಬತ್ತು ಸಾವಿರ ದಾನಿಗಳು ಕೋಬಾಲ್‌ಗೆ ಹಲ್ಲು ಬರುತ್ತದೆಯೇ, ಬೇಸಿಗೆಯಲ್ಲಿ ಎಲ್ಲಿಡಬೇಕು ಎಂದೆಲ್ಲ ಕೇಳಿದ್ದರು. ಕೋಬಾಲ್ ಎರಡನೇ ಸ್ಥಾನಕ್ಕೇರಿತು. ಆದೇಶ ರದ್ದಾಯಿತು.

ಆದರೆ ಜನ ಮೆಚ್ಚಿದ್ದನ್ನು ಸುಮ್ಮನೆ ಬಿಡುವುದು ಮಂಡಳಿಯ ಜಾಯಮಾನವಲ್ಲ. ಮುಂದಿನ ವಾರ ಅದರ ಸುಧಾರಕರು ಬಂದು, ನಾಡಿನಲ್ಲಿ ಕೋಬಾಲ್ ಉಳಿದಿದ್ದ ಕಡೆಯೆಲ್ಲ ಹೊಸ ಆವೃತ್ತಿ ತೊಡಿಸಿ, ಶಾಂಭವಿಯನ್ನು ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿ ಹೋದರು.

ಮೂರನೇ ದಿನ ಮಧ್ಯಾಹ್ನ ಹೆರಿಗೆ ಆಸ್ಪತ್ರೆಯಿಂದ ಅತಿ ಅಪರೂಪದ ಬಾಂಬೆ ಗುಂಪಿನ ರಕ್ತಕ್ಕೆ ಕರೆ ಬಂತು. ಹೊಸ ಆವೃತ್ತಿ ಕೆಟ್ಟು ಪರದೆ ಖಾಲಿ. “ಕೋಬಾಲ್ ನಿಂತಿದೆ, ಏನು ಮಾಡಲಿ?” ಎಂದು ಟೈಪು ಮಾಡಿದ ಶಾಂಭವಿ ಉತ್ತರಕ್ಕೆ ಕಾಯದೆ ಬೀರುವಿನ ಹಳೆಯ ಕಡತಗಳನ್ನು ನೆಲಕ್ಕೆ ಸುರಿದಳು. ಗದಗದಲ್ಲಿ ಒಬ್ಬ ದಾನಿ ಸಿಕ್ಕ. ಅವನು ಬರುವಷ್ಟರಲ್ಲಿ ಬಾಣಂತಿಯ ನಾಡಿ ಎರಡು ಸಲ ತಪ್ಪಿತ್ತು. ಉಳಿದಳು, ಅಷ್ಟೆ.

ಸಂಜೆ ಹೊಳ್ಳರೇ ಫೋನು ಮಾಡಿದರು. “ಅಭಿನಂದನೆಗಳಮ್ಮಾ. ಕೋಬಾಲ್ ಮೊದಲ ಸ್ಥಾನಕ್ಕೆ ಬಂದಿದೆ. ನಾಡಿನ ತುಂಬ ಜನ ಅದರ ಬಗ್ಗೆಯೇ ಕೇಳುತ್ತಿದ್ದಾರೆ.”

“ಕೇಳಾಕತ್ತಿಲ್ರಿ ಸರ,” ಎಂದಳು ಶಾಂಭವಿ. “ಒದರಾಕತ್ತಾರ.”