ಎದುರಿಗೇ ಕೇಳಿದ ಪ್ರಶ್ನೆ

ಬಾಗಿಲು ತೆರೆದು ಒಳಗೆ ಬಂದವನನ್ನು ನೋಡಿ ಗೆಸಾಳ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತುಬಿಟ್ಟಿತು.

ಯೋರ್ನ್! ಇವನಿಗೆ ಇಲ್ಲೇನು ಕೆಲಸ?

ಗ್ಯೋಟಿಂಗನ್ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಮೊದಲ ವರ್ಷದವರಿಗೆ ಗೆಸಾ ಪಾಠ ಹೇಳುತ್ತಿದ್ದಳು. ಇವತ್ತೇ ಕೊನೆಯ ತರಗತಿ. ನಾಳೆ ಅವಳು ದೂರದ ಬಂದರು ಊರಾದ ಕೀಲ್‌ಗೆ ಹೊರಡುತ್ತಾಳೆ. ಅಲ್ಲಿನ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯ ಕೆಲಸ ಸಿಕ್ಕಿದೆ.

ಹೋದ ತಿಂಗಳು ಕ್ಯಾಂಟೀನಿನಲ್ಲಿ, ಆಲೂಗಡ್ಡೆ ಸೂಪು ಕುಡಿಯುತ್ತಾ, ಇಲ್ಲಿನ ಕೋರ್ಟಿನಲ್ಲಿ ವಕೀಲಿ ತರಬೇತಿಯಲ್ಲಿದ್ದ ತನ್ನ ಗೆಳೆಯ ಯೋರ್ನ್‌ನನ್ನು ಅವಳೇ ಕೇಳಿದ್ದಳು. "ನನ್ನ ಜೊತೆ ಕೀಲ್‌ಗೆ ಬರ್ತೀಯಾ? ಒಟ್ಟಿಗೆ ಇರೋಣ."

ಅವನು ಚಮಚ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ಹೇಳಿದ್ದೇನು ಗೊತ್ತೇ?

"ಅದು ಸಂದರ್ಭದ ಮೇಲೆ ನಿಂತಿದೆ."

ಅಯ್ಯೋ ಪುಣ್ಯಾತ್ಮ! ಈ ದೇಶದಲ್ಲಿ ಕಾನೂನು ಓದಿದವರಿಗೆಲ್ಲ ಅಂಟುವ ಚಾಳಿ ಇದು. ಏನೇ ಕೇಳಿ, ಮೊದಲು ಬಾಯಿಗೆ ಬರುವುದು ಇದೇ ಮಾತು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಬರುತ್ತದೆ, ಪ್ರೀತಿಯಲ್ಲಿ ಬರುತ್ತದೆಯೇ? ಗೆಸಾ ಅರ್ಧಕ್ಕೇ ಎದ್ದು ಹೋಗಿದ್ದಳು. ಆಮೇಲೆ ಅವನ ಒಂದು ಫೋನನ್ನೂ ಎತ್ತಿರಲಿಲ್ಲ.

"ಪಾಠ ಕೇಳೋಕೆ ಬಂದೆ. ಕೂತ್ಕೊಳ್ಳಬಹುದಾ?" ಯೋರ್ನ್ ಕೇಳಿದ.

"ಕೂತ್ಕೊಳ್ಳಿ." ಅವಳ ದನಿ ತಣ್ಣಗಿತ್ತು.

ಅವನು ಕೊನೆಯ ಬೆಂಚಿಗೆ ಹೋಗಿ ಕುಳಿತ. ಗೆಸಾ ತಲೆ ಎತ್ತಿ ಪಾಠ ಮುಂದುವರಿಸಿದಳು. ಇವನೊಬ್ಬ ಬಂದನೆಂದು ನಾನ್ಯಾಕೆ ತೊದಲಲಿ?

"ನೋಡಿ, ಬೆಂಟೆ ನಿಮ್ಮೆದುರಿಗೇ ನಿಂತು, ನನ್ನ ಹಳೇ ಸೈಕಲ್ ತಗೋತೀಯಾ ಅಂತ ಕೇಳ್ತಾಳೆ. ನೀವು ಯಾವಾಗ ಒಪ್ಕೋಬೇಕು?"

ಮುಂದಿನ ಸಾಲಿನ ಬಾಯಿಬಡಕಿ ಬೆಂಟೆಯೇ ಉತ್ತರಿಸಿದಳು. "ಯೋಚನೆ ಮಾಡಿ ನಾಳೆ ಹೇಳ್ಲಿ ಬಿಡಿ ಮೇಡಂ, ನನಗೇನೂ ಅರ್ಜೆಂಟಿಲ್ಲ."

"ಆಗಲ್ಲ! ಎದುರಿಗೇ ಕೇಳಿದ್ದಕ್ಕೆ ಆಗಲೇ ಒಪ್ಪಬೇಕು. ಇಲ್ಲಾಂದ್ರೆ ಪ್ರಸ್ತಾಪ ಅಲ್ಲೇ ಬಿದ್ದುಹೋಗುತ್ತೆ. 'ಹೂಂ, ಆದ್ರೆ ಬ್ರೇಕ್ ರಿಪೇರಿ ಮಾಡ್ಸಿಕೊಡು' ಅಂತ ಷರತ್ತು ಹಾಕಿದ್ರೂ ಅದು ಒಪ್ಪಿಗೆ ಅಲ್ಲ. ತಿರಸ್ಕಾರ!"

ಕೊನೆಯ ಮಾತನ್ನು ಕೊನೆಯ ಬೆಂಚನ್ನೇ ನೋಡಿ ಹೇಳಿದಳು.

ಯೋರ್ನ್ ಕೈ ಎತ್ತಿದ. "ತಡವಾಗಿ ಒಪ್ಕೊಂಡ್ರೆ?"

"ಸೈಕಲ್ ಊರು ಬಿಟ್ಟಿರುತ್ತೆ."

ತರಗತಿ ಕಿಸಕ್ಕೆಂದಿತು. ಅವನು ಬಿಡಲಿಲ್ಲ. "ಪಾಠ ಪೂರ್ತಿ ಹೇಳಿ ಮೇಡಂ. ತಡವಾಗಿ ಬಂದ ಒಪ್ಪಿಗೆ ಹೊಸ ಪ್ರಸ್ತಾಪ ಆಗುತ್ತೆ. ಹೌದೋ ಅಲ್ವೋ?"

ಸುಳ್ಳು ಪಾಠ ಹೇಳಿ ಅವಳಿಗೆ ಅಭ್ಯಾಸವಿಲ್ಲ. "ಹೌದು..."

ಯೋರ್ನ್ ಎದ್ದು ನಿಂತ. "ಹಾಗಾದ್ರೆ ನಾನು ಬರ್ತೀನಿ ಗೆಸಾ. ಕೀಲ್‌ಗೆ."

ಎಲ್ಲರೂ ಹಿಂತಿರುಗಿ ನೋಡಿದರು.

"ನಿನ್ನ ತರಬೇತಿ? ಅಲ್ಲಿನ ಕೋರ್ಟಿಗೆ ವರ್ಗ ಸಿಕ್ತಾ?"

"ಇನ್ನೂ ಇಲ್ಲ. ಅವತ್ತು ನನ್ನ ತಲೇಲಿ ಇದ್ದಿದ್ದೂ ಅದೇ. ನಿನಗೆ ಮಾತು ಕೊಟ್ಟು, ಆಮೇಲೆ ಬರೋಕಾಗದೇ ಹೋದ್ರೆ ಅಂತ ಹೆದರಿದೆ. ಇಷ್ಟ ಇಲ್ಲ ಅಂತಲ್ಲ ಕಣೆ!"

"ಈಗಲೂ ಸಿಗದಿದ್ರೆ?"

"ಸಿಗೋವರೆಗೂ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರ್ತೀನಿ. ಆದ್ರೂ ಬರ್ತೀನಿ. ಷರತ್ತಿಲ್ಲ!"

ಮಾತು ತಪ್ಪಬಾರದು ಅಂತ ಮಾತೇ ಕೊಡಲಿಲ್ಲವೇ ಈ ಪೆದ್ದ! ನಾನಾದರೂ ಪೂರ್ತಿ ಕೇಳಿಸಿಕೊಳ್ಳಬಾರದಿತ್ತೇ... ಗೆಸಾಳ ಕಣ್ಣು ತುಂಬಿ ಬಂತು. ತುಟಿ ಮಾತ್ರ ಬಿಚ್ಚಲಿಲ್ಲ.

"ಮೇಡಂ," ಬೆಂಟೆ ಮೆಲ್ಲನೆ ಎಚ್ಚರಿಸಿದಳು, "ಮೌನ ಸಮ್ಮತಿ ಅಂತ ನಮ್ಮ ಕಾನೂನು ಒಪ್ಪಲ್ಲ. ಬಾಯಿ ಬಿಟ್ಟು ಹೇಳಿ!"

ಗೆಸಾ ಅಳುತ್ತಲೇ ನಕ್ಕಳು. ಬೆಂಚುಗಳ ನಡುವೆ ನೆಟ್ಟಗೆ ನಡೆದು ಅವನೆದುರು ನಿಂತಳು. "ಒಪ್ಪಿದೆ. ಬಾ."

ಇಡೀ ತರಗತಿ ಬೆರಳ ಗೆಣ್ಣಿನಿಂದ ಮೇಜು ಕುಟ್ಟತೊಡಗಿತು. ಇಲ್ಲಿಯವರ ಚಪ್ಪಾಳೆ ಅದು.

ಎಲ್ಲರೂ ಹೋದ ಮೇಲೆ ಯೋರ್ನ್ ಅವಳ ಕೈ ಹಿಡಿದುಕೊಂಡ.

"ಇನ್ನೊಂದು ಕೇಳ್ಲಾ? ನನ್ನನ್ನ ಮದು..."

"ಹೂಂ!"

"ನಾನಿನ್ನೂ ಮುಗಿಸಿಲ್ಲ ಕಣೆ!"

"ಮುಗಿಸು ಪರವಾಗಿಲ್ಲ," ಅವಳು ಅವನ ಭುಜಕ್ಕೆ ಒರಗಿದಳು. "ಉತ್ತರ ಅದೇ."