ಬೆನ್ನ ಹಿಂದೆ ಆರುನೂರು ಲೀಟರ್

ಸ್ಪೀಡೋಮೀಟರ್ ಎಂಬತ್ತು ದಾಟಿತು. ಪಕ್ಕದ ಸೀಟಿನಲ್ಲಿದ್ದ ಗ್ಯಾರೇಜ್ ಮಾಲೀಕ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡ.

ನಮ್ಮಿಬ್ಬರ ಬೆನ್ನ ಹಿಂದೆ ನೀರು ತುಂಬಿದ ಟ್ಯಾಂಕ್. ಆರುನೂರು ಲೀಟರ್. ಅಂದರೆ ಆರುನೂರು ಕಿಲೋ!

"ನಿಧಾನ ಹೋಗಿ ಸಾರ್..."

"ಯಾಕೆ? ನೀನೇ ಕೂರಿಸಿದ ಟ್ಯಾಂಕ್ ತಾನೇ?"

ಅವನು ಕತ್ತು ತಿರುಗಿಸಿ ಟ್ಯಾಂಕ್ ನೋಡಿದ.

ಕೇಳಿ, ನಾನು ಪತ್ತೇದಾರ. ಊರವರ ಉಸಾಬರಿಯಲ್ಲೇ ಹೊಟ್ಟೆ ಹೊರೆಯುವವನು. ಇದು ಮಾತ್ರ ನನ್ನ ಮನೆಯದೇ ಕೇಸು.

ನನ್ನ ತಮ್ಮ ದೊಡ್ಡ ಕಟ್ಟಡಗಳ ಗಾಜು ತೊಳೆಯುತ್ತಿದ್ದ. ನೀರು ಒಯ್ಯಲು ಇಂಥದೇ ವ್ಯಾನ್, ಇದೇ ಗ್ಯಾರೇಜಿನವರು ಕೂರಿಸಿದ ಟ್ಯಾಂಕ್. ಒಂದು ಬೆಳಿಗ್ಗೆ ನಾಯಿ ಅಡ್ಡ ಬಂತೆಂದು ಬ್ರೇಕ್ ಒತ್ತಿದ. ವ್ಯಾನ್ ನಿಂತಿತು. ಟ್ಯಾಂಕ್ ನಿಲ್ಲಲಿಲ್ಲ.

ನಾಯಿ ಬದುಕಿತು.

ಈ ಮಾಲೀಕ ಏನು ಹೇಳಿಕೆ ಕೊಟ್ಟ ಗೊತ್ತೇ? ತಾನು ಚಾಸಿಸ್‌ಗೇ, ಅಂದರೆ ವ್ಯಾನಿನ ಅಡಿಯ ಉಕ್ಕಿನ ಚೌಕಟ್ಟಿಗೇ ಬೋಲ್ಟ್ ಹಾಕಿದ್ದೆ, ಡ್ರೈವರ್ ಹುಚ್ಚಾಪಟ್ಟೆ ಓಡಿಸಿ ಸತ್ತ ಅಂತ. ಪೊಲೀಸರು ಹಾಗೇ ಬರೆದುಕೊಂಡರು. ಮೂರೇ ದಿನದಲ್ಲಿ ನಜ್ಜುಗುಜ್ಜಾದ ವ್ಯಾನ್ ಗುಜರಿ ಸೇರಿತು.

"ಭಾವ, ಅವರು ಯಾವತ್ತೂ ನಲವತ್ತು ದಾಟಿದವರಲ್ಲ," ಅಂದಳು ತಮ್ಮನ ಹೆಂಡತಿ. "ಅವರ ಮೇಲಿನ ಈ ಮಾತು ಒಂದು ಅಳಿಸಿಕೊಡಿ."

ಅವಳು ಅಳಲಿಲ್ಲ.

ಎಂಟು ದಿನ ಗ್ಯಾರೇಜಿನ ಎದುರು ಕೂತು ನೋಡಿದೆ. ಒಂದು ವಿಷಯ ಕಣ್ಣಿಗೆ ಬಿತ್ತು. ಟ್ಯಾಂಕ್ ತುಂಬಿದ ವ್ಯಾನನ್ನು ಇವನು ಅಪ್ಪಿತಪ್ಪಿಯೂ ಹತ್ತುತ್ತಿರಲಿಲ್ಲ. ಟ್ರಯಲ್‌ಗೆ ಕೆಲಸದವನನ್ನು ಕಳಿಸಿ, ತಾನು ಕಾರಿನಲ್ಲಿ ಹಿಂದೆ ಬರುತ್ತಿದ್ದ!

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹೋದ ವರ್ಷ ಇವನೇ ಟ್ಯಾಂಕ್ ಕೂರಿಸಿದ್ದ ಇನ್ನೊಂದು ವ್ಯಾನ್ ಹುಡುಕಿ ತಂದೆ. ಇವತ್ತು ಮಧ್ಯಾಹ್ನ ಇವನ ಕೈ ತಿರುಚಿ ಅದರಲ್ಲಿ ಕೂರಿಸಿ ಹೊರಟೆ.

ಕನ್ನಡಿಯಲ್ಲಿ ಜೀಪ್ ಕಾಣಿಸಿತು. ಅವನ ಗ್ಯಾರೇಜಿನವರು! ಪಕ್ಕಕ್ಕೆ ಬಂದು, ಮುಂದೆ ನುಗ್ಗಿ ನನ್ನನ್ನು ಅಡ್ಡಗಟ್ಟಲು ನೋಡಿದರು.

ಮಾಲೀಕನ ಮುಖ ಬಿಳಿಚಿಕೊಂಡಿತು. ಜೇಬಿನಿಂದ ಫೋನ್ ತೆಗೆದು ಅವರಿಗೇ ಹಚ್ಚಿದ.

"ಅಡ್ಡ ಬರಬೇಡ್ರೋ! ಇವನು ಬ್ರೇಕ್ ಹೊಡೆದ್ರೆ ನಾನು ಸತ್ತೆ... ಚಾಸಿಸ್‌ಗೆ ಬೋಲ್ಟೇ ಇಲ್ಲ, ಬರೀ ಪ್ಲೈವುಡ್‌ಗೆ ಸ್ಕ್ರೂ ಕಣ್ರೋ!"

"ನನ್ನ ತಮ್ಮನ ವ್ಯಾನಲ್ಲಿ?" ಅಂದೆ.

"ಅದರಲ್ಲೂ ಅಷ್ಟೇ ಸಾರ್... ದಮ್ಮಯ್ಯ, ನಿಧಾನ..."

ಡ್ಯಾಶ್‌ಬೋರ್ಡ್ ಮೇಲಿದ್ದ ನನ್ನ ಫೋನ್ ಅಷ್ಟನ್ನೂ ರೆಕಾರ್ಡ್ ಮಾಡಿಕೊಂಡಿತು.

ಜೀಪ್ ಹಿಂದೆ ಸರಿಯಿತು. ಬಲಗಡೆ ಪೊಲೀಸ್ ಠಾಣೆಯ ಗೇಟ್ ಬಂತು.

ಬ್ರೇಕ್ ಒತ್ತಿದೆ. ತಮ್ಮನನ್ನು ನೆನೆದು, ಕಾಲಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದೆ!

ಟೈರ್ ಕಿರುಚಿತು. ಅವನೂ ಕಿರುಚಿದ. ಹಿಂದೆ ನೀರು ಧಡಾರನೆ ಅಪ್ಪಳಿಸಿತು... ಟ್ಯಾಂಕ್ ಒಂದಿಂಚೂ ಅಲುಗಲಿಲ್ಲ. ಸೋರಿದ್ದು ಅವನ ಪ್ಯಾಂಟ್ ಮಾತ್ರ.

"ಟ್ಯಾಂಕ್... ಬರಲಿಲ್ಲ?" ಅಂದ, ಕಣ್ಣು ಬಿಡುತ್ತ.

ಬೆಳಿಗ್ಗೆಯೇ ಬೇರೆ ಗ್ಯಾರೇಜಿನಲ್ಲಿ ಟ್ಯಾಂಕಿಗೆ ಉಕ್ಕಿನ ಚೌಕಟ್ಟು ಕಟ್ಟಿಸಿ, ಚಾಸಿಸ್‌ಗೇ ಎಂಟು ಬೋಲ್ಟ್ ಬಿಗಿಸಿದ್ದೆ.

ಮುಂದಿನ ಸೀಟಿನಲ್ಲಿ ನಾನೂ ಕೂರಬೇಕಿತ್ತಲ್ಲ!